ನಿನ್ನೆವರೆಗೆ ಈ ಗಾಡಿ ಏನು ಹೊತ್ತಿತ್ತು?

ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಬ್ರೋಕರ್ ಮೀಟರಿನತ್ತ ಬೆರಳು ತೋರಿಸುತ್ತಾನೆ. "ಒಂದು ರೂಪಾಯಿ ಕೆಲಸ ಇಲ್ಲ ಅಣ್ಣಾ, ಕೀಲಿ ಹಾಕಿ ಬಾಡಿಗೆಗೆ ಹೊರಡೋದೇ" ಎನ್ನುತ್ತಾನೆ. ಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಇವತ್ತು ಕಷ್ಟದ ಕೆಲಸವಲ್ಲ. ಮೀಟರ್ ಸಾಚಾ ಇದ್ದರೂ ಸರಕು ಸಾಗಿಸುವ ಗಾಡಿಯಲ್ಲಿ ಅದು ಹೇಳುವುದು ಅರ್ಧ ಕಥೆ ಮಾತ್ರ. ಹಗುರ ಸಾಮಾನು ಹಾಕಿಕೊಂಡು ಬಯಲುಸೀಮೆಯ ನುಣುಪು ರಸ್ತೆಯಲ್ಲಿ ಲಕ್ಷ ಕಿಲೋಮೀಟರ್ ಓಡುವುದಕ್ಕೂ, ಹೊರಬೇಕಾದ್ದರ ಒಂದೂವರೆ ಪಟ್ಟು ಹೊತ್ತು ಘಟ್ಟ ಹತ್ತಿ ಇಳಿದು ಲಕ್ಷ ಓಡುವುದಕ್ಕೂ ಅಜಗಜಾಂತರ. ಆದ್ದರಿಂದ ಮೊದಲು ಕೇಳಬೇಕಾದದ್ದು ಬೇರೆ: ನಿನ್ನೆವರೆಗೆ ಈ ಗಾಡಿ ಏನು ಹೊತ್ತಿತ್ತು, ಯಾವ ದಾರಿಯಲ್ಲಿ ಹೊತ್ತಿತ್ತು?

ಉತ್ತರ ಸಿಕ್ಕರೆ ಎಲ್ಲಿ ಬಗ್ಗಿ ನೋಡಬೇಕೆಂಬುದೂ ಗೊತ್ತಾಗುತ್ತದೆ. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಿಂದ ಮೀನು ಹೊತ್ತ ಗಾಡಿಯಾದರೆ ಐಸ್ ಕರಗಿದ ಉಪ್ಪುನೀರು ಬಾಡಿಯ ಸಂದುಗಳಿಂದ ವರ್ಷಗಟ್ಟಲೆ ತೊಟ್ಟಿಕ್ಕಿರುತ್ತದೆ. ಚಾಸಿ, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲಕ್ಕೂ ತುಕ್ಕು ಹತ್ತಿರುತ್ತದೆ. ಸಂಡೂರು, ಹೊಸಪೇಟೆ ಕಡೆಯ ಗಣಿದಾರಿಯಲ್ಲಿ ಓಡಿದ್ದರೆ ಏರ್ ಫಿಲ್ಟರಿನಿಂದ ಎಂಜಿನ್‌ವರೆಗಿನ ಪೈಪಿನಲ್ಲಿ ಕೆಂಪು ಧೂಳನ್ನು ಹುಡುಕಬೇಕು. ಕ್ರಷರಿನಿಂದ ಜಲ್ಲಿ, ಎಂ-ಸ್ಯಾಂಡ್ ಹೊಡೆದ ಗಾಡಿಯ ಪೆಟ್ಟೆಲ್ಲ ಸ್ಪ್ರಿಂಗ್ ಮತ್ತು ಚಾಸಿಯ ಮೇಲೆ. ಬೆಳಗಿನ ಜಾವ ಬೀದಿಬೀದಿಗೆ ಹಾಲು ಇಳಿಸಿದ ಗಾಡಿ ಕಡಿಮೆ ಕಿಲೋಮೀಟರ್ ಓಡಿದ್ದರೂ ಅದರ ಕ್ಲಚ್ಚು, ಸೆಲ್ಫ್ ಮೋಟರು, ಬ್ರೇಕ್ ಲೈನರು ಹೆಚ್ಚು ಸವೆದಿರುತ್ತವೆ. ಮಾರಿದವರು ನಿಜ ಹೇಳದೆ ಇರಬಹುದು. ಗಾಡಿಯ ಅಡಿಭಾಗಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ನಮ್ಮಲ್ಲಿ ಇಂಥ ಗಾಡಿ ಕೊಳ್ಳುವವರು ಯಾರೆಂಬುದನ್ನು ನೆನಪಿಟ್ಟುಕೊಂಡೇ ಈ ಮಾತು ಬರೆಯುತ್ತಿದ್ದೇನೆ. 2005ರಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರಿನ, 702 ಸಿಸಿಯ ಡೀಸೆಲ್ ಎಂಜಿನ್ನಿನ ಈ ಪುಟ್ಟ ಗಾಡಿಯನ್ನು ಜನ 'ಚೋಟಾ ಹಾಥಿ' ಎಂದೇ ಕರೆದರು. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ದೋಸ್ತ್ ಬಂತು. ಮಹೀಂದ್ರಾದ ಬೊಲೆರೊ ಪಿಕಪ್ ಅಂತೂ ಇವತ್ತು ಯಾವ ಎಪಿಎಂಸಿ ಅಂಗಳಕ್ಕೆ ಹೋದರೂ ಸಾಲಾಗಿ ನಿಂತಿರುತ್ತದೆ. ಹೊಸದನ್ನು ಕೊಳ್ಳುವಷ್ಟು ಬಂಡವಾಳವಿಲ್ಲದ ರೈತ, ಹತ್ತಾರು ವರ್ಷ ಬೇರೆಯವರ ಗಾಡಿ ಓಡಿಸಿ ಈಗ ಸ್ವಂತಕ್ಕೆ ಒಂದು ಮಾಡಿಕೊಳ್ಳಲು ಹೊರಟ ಚಾಲಕ, ತರಕಾರಿ ಅಂಗಡಿಯವರು, ಶಾಮಿಯಾನದವರು ಇವರೇ ಹಳೆಯ ಗಾಡಿಯ ಗಿರಾಕಿಗಳು. ಸಾಲ ಮಾಡಿ ತಂದ ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಆ ತಿಂಗಳ ಕಂತು ತಪ್ಪುತ್ತದೆ. ಘಟ್ಟದಲ್ಲಿ ಬ್ರೇಕ್ ಹಿಡಿಯದಿದ್ದರೆ ಕಂತಿನ ಲೆಕ್ಕವನ್ನು ಮಾಡುವವರೇ ಇಲ್ಲವಾಗಬಹುದು.

ಹೀಗಿದ್ದೂ ಗಾಡಿ ಮನೆಗೆ ಬಂದ ಕೂಡಲೇ ಕೈಯಲ್ಲಿ ಉಳಿದ ದುಡ್ಡು ಹೋಗುವುದು ಪೇಂಟು, ಸ್ಟಿಕರು, ಸೀಟ್ ಕವರು, ಸ್ಪೀಕರುಗಳಿಗೆ. ಅವಕ್ಕೆಲ್ಲ ಕಾಲವಿದೆ. ಕೊಂಡ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ಮೊದಲ ತಿಂಗಳ ಕೆಲಸಕ್ಕೆಂದು ಬೇರೆ ತೆಗೆದಿಡಿ. ಚೌಕಾಸಿ ಮಾಡುವಾಗಲೇ ಈ ಹಣ ಲೆಕ್ಕದಲ್ಲಿರಲಿ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಬಿಲ್ ಕಣ್ಣಿಗೆ ಬೀಳದ ಯಾವ ಕೆಲಸವೂ ಆಗಿಲ್ಲ ಎಂದೇ ತಿಳಿಯಬೇಕು. "ಹೋದ ತಿಂಗಳು ತಾನೇ ಆಯಿಲ್ ಬದಲಾಯಿಸಿದ್ದು" ಎಂಬ ಬಾಯಿಮಾತಿಗೆ ಬೆಲೆಯಿಲ್ಲ.

ಕೆಲಸವನ್ನು ಕೆಳಗಿನಿಂದ ಶುರುಮಾಡಿ. ಮೊದಲು ಸರ್ವಿಸ್ ಸ್ಟೇಷನ್ನಿಗೆ ಒಯ್ದು ಅಡಿಭಾಗವನ್ನು ಚೆನ್ನಾಗಿ ತೊಳೆಸಿ, ಒಂದು ದಿನ ಒಣಗಲು ಬಿಟ್ಟು, ಪಿಟ್ ಅಥವಾ ರ‍್ಯಾಂಪ್ ಇರುವ ಗ್ಯಾರೇಜಿನಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ನೋಡಬೇಕು. ಕೆಸರು ಮತ್ತು ಗ್ರೀಸಿನ ಮೇಲುಪದರ ಹೋಗದೆ ಬಿರುಕು ಕಾಣುವುದಿಲ್ಲ. ಪಿಕಪ್ಪಿನ ಚಾಸಿ ಎಂದರೆ ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅಡ್ಡಕ್ಕೆ ಪಟ್ಟಿಗಳು. ಬಿರುಕು ಬಿಡುವುದು ಹೆಚ್ಚಾಗಿ ಹಿಂದಿನ ಸ್ಪ್ರಿಂಗ್ ಕೂತ ಬ್ರಾಕೆಟ್ಟುಗಳ ಹತ್ತಿರ, ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ, ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗದಲ್ಲಿ. ಕಂಪನಿಯ ವೆಲ್ಡಿಂಗು ಒಂದೇ ಸಮನಾಗಿರುತ್ತದೆ. ಆಮೇಲೆ ಹಾಕಿಸಿದ್ದು ದಪ್ಪ ದಪ್ಪ ಗಂಟುಗಳಾಗಿ ನಿಂತಿರುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿ ಕಂಡರೆ ಖುಷಿಪಡುವ ಬದಲು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ, ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡುತ್ತದೆ, ಬಣ್ಣದಡಿಯಿಂದ ಹಕ್ಕಳೆಯೂ ಉದುರುತ್ತದೆ. ಚಾಸಿ ನಂಬರ್ ಕೊರೆದ ಜಾಗವನ್ನು ಒರೆಸಿ, ಆರ್‌ಸಿಯಲ್ಲಿರುವ ಅಂಕಿಯೊಡನೆ ಒಂದೊಂದಾಗಿ ಹೋಲಿಸಿ. ಅಕ್ಷರಗಳು ಸೊಟ್ಟಗಿದ್ದರೆ, ಸುತ್ತಲಿನ ಲೋಹ ಉಜ್ಜಿದಂತಿದ್ದರೆ ಗಾಡಿಯನ್ನು ರಸ್ತೆಗಿಳಿಸುವುದಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.

ಹಿಂದಿನ ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನು ಎಣಿಸಿ. ಎಷ್ಟು ಪ್ಲೇಟು ಇರಬೇಕೆಂಬುದು ಆ ಮಾದರಿಯ ಪುಸ್ತಕದಲ್ಲಿ ಇರುತ್ತದೆ. ಅದಕ್ಕಿಂತ ಒಂದೆರಡು ಹೆಚ್ಚಿದ್ದರೆ ಹಳೆಯ ಮಾಲೀಕರು ಮಿತಿ ಮೀರಿ ಲೋಡ್ ಹಾಕಿದ್ದರು ಎಂದೇ ಅರ್ಥ. ಹಲವರು ಇದನ್ನು "ಸ್ಟ್ರಾಂಗ್ ಮಾಡಿಸಿದೀವಿ" ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಸ್ಪ್ರಿಂಗ್ ಬಲವಾಯಿತೆಂದು ಬ್ರೇಕು, ಬೇರಿಂಗು, ಟಯರು, ಹಿಂದಿನ ಆಕ್ಸಲ್ಲಿನ ಹೌಸಿಂಗು ಬಲವಾಗಲಿಲ್ಲ. ಬಗ್ಗಬೇಕಾದದ್ದು ಬಗ್ಗದೆ ಆ ಪೆಟ್ಟೂ ಅವುಗಳಿಗೇ ಹೋಯಿತು. ಹೆಚ್ಚುವರಿ ಪ್ಲೇಟು ಕಂಡ ಗಾಡಿಯಲ್ಲಿ ಉಳಿದೆಲ್ಲ ಭಾಗಗಳನ್ನು ಎರಡು ಪಟ್ಟು ಅನುಮಾನದಿಂದ ನೋಡಿ. ಮುರಿದ ಪ್ಲೇಟು, ಸವೆದ ಶ್ಯಾಕಲ್ ಬುಷ್ಷು, ಸಡಿಲವಾದ ಯು ಬೋಲ್ಟು ಇವೆಲ್ಲ ಅಗ್ಗದಲ್ಲೇ ಮುಗಿಯುವ ಕೆಲಸ. ನಡುವಿನ ಸೆಂಟರ್ ಬೋಲ್ಟು ತುಂಡಾಗಿದ್ದರೆ ಮಾತ್ರ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ಹಿಂದಿನಿಂದ ನೋಡಿದಾಗ ಗಾಡಿ ಓರೆಯಾಗಿ ಓಡುವಂತೆ ಕಂಡರೆ ಅಲ್ಲಿಂದಲೇ ಹುಡುಕಲು ಶುರುಮಾಡಿ.

ಇನ್ನು ಬ್ರೇಕು. ಇಡೀ ತಪಾಸಣೆಯಲ್ಲಿ ಒಂದೇ ಒಂದು ಕೆಲಸಕ್ಕೆ ಹಣ ಇದೆ ಎನ್ನುವವರಿಗೂ ನಾನು ಹೇಳುವುದು ಇದನ್ನೇ. ಈ ವರ್ಗದ ಬಹುತೇಕ ಗಾಡಿಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾಲ್ಕೂ ಚಕ್ರ ಕಳಚಿ, ಹಿಂದಿನ ಡ್ರಮ್ ಬಿಚ್ಚಿಸಿ ನೋಡದೆ "ಬ್ರೇಕ್ ಚೆನ್ನಾಗಿದೆ" ಎನ್ನುವುದು ಊಹೆಯ ಮಾತು. ಡ್ರಮ್ಮಿನೊಳಗೆ ಲೈನರ್ ಎಷ್ಟು ಉಳಿದಿದೆ, ವೀಲ್ ಸಿಲಿಂಡರಿನ ರಬ್ಬರಿನಂಚಿನಿಂದ ಬ್ರೇಕ್ ಆಯಿಲ್ ಜಿನುಗುತ್ತಿದೆಯೇ, ಹೌಸಿಂಗಿನ ಗೇರ್ ಆಯಿಲ್ ಸೀಲು ದಾಟಿ ಲೈನರನ್ನು ಒದ್ದೆ ಮಾಡಿದೆಯೇ ಎಂಬುದು ಆಗಲೇ ಗೊತ್ತಾಗುವುದು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಮರಳುಕಾಗದದಲ್ಲಿ ಉಜ್ಜಿ ಮತ್ತೆ ಕೂರಿಸುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಒಳಕ್ಕೆ ಹೀರಿಕೊಂಡ ಎಣ್ಣೆ ಡ್ರಮ್ ಬಿಸಿಯಾದಾಗ ಮತ್ತೆ ಮೇಲಕ್ಕೆ ಬರುತ್ತದೆ, ಒಂದು ಚಕ್ರ ಹಿಡಿಯದೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಹೊಸ ಲೈನರನ್ನು ಎರಡೂ ಕಡೆಗೆ ಒಟ್ಟಿಗೇ ಹಾಕಿಸಿ. ಸೀಲು ಪದೇ ಪದೇ ಹೋಗುತ್ತಿದೆಯೆಂದಾದರೆ ಹೌಸಿಂಗಿನ ಮೇಲಿರುವ ಗಾಳಿತೂತನ್ನು ಒಮ್ಮೆ ನೋಡಿ. ಅದು ಕೆಸರಿನಿಂದ ಮುಚ್ಚಿಹೋಗಿದ್ದರೆ ಬಿಸಿಯಾಗಿ ಹಿಗ್ಗಿದ ಗಾಳಿ ಹೊರಹೋಗಲು ದಾರಿಯಿಲ್ಲದೆ ಆಯಿಲನ್ನೇ ಸೀಲಿನಾಚೆ ತಳ್ಳುತ್ತದೆ. ಆ ತೂತು ಬಿಡಿಸಲು ಖರ್ಚೇ ಇಲ್ಲ.

ಬ್ರೇಕ್ ಆಯಿಲಿನ ಬಗ್ಗೆ ನಮ್ಮಲ್ಲಿ ಒಂದು ಅಪಾಯಕಾರಿ ಉದಾಸೀನವಿದೆ. ಡಬ್ಬಿಯಲ್ಲಿ ಮಟ್ಟ ಸರಿಯಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ, ಹೀರಿಕೊಂಡಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ಲೋಡ್ ಹಾಕಿಕೊಂಡು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಅರಬೈಲನ್ನೋ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಚಕ್ರದ ಬಳಿ ಕಾವು ಏರಿದರೆ ಹಳೆಯ ದ್ರವದಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ, ಆವಿ ಕುಗ್ಗಿಹೋಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ತಂಪಾದ ಮೇಲೆ ಅದೇ ಬ್ರೇಕ್ ಮತ್ತೆ ಹಿಡಿಯುವುದರಿಂದ ದೋಷ ಎಲ್ಲಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಹಳೆಯದನ್ನು ಪೂರ್ತಿ ಹೊರಹಾಕಿ, ನಾಲ್ಕೂ ಚಕ್ರದ ಬಳಿ ಗಾಳಿ ತೆಗೆಸಿ, ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ದ್ರವವನ್ನೇ ತುಂಬಿಸಿ. ಆಮೇಲೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ನಮ್ಮ ಕರಾವಳಿ ಮತ್ತು ಮಲೆನಾಡಿನ ತೇವದಲ್ಲಿ ಈ ಗಡುವನ್ನು ಮೀರುವುದು ಬೇಡ.

ಅನೇಕ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿ ಒಂದು ವಾಲ್ವಿಗೆ ಸೇರಿರುತ್ತದೆ. ಬಾಡಿಯಲ್ಲಿ ಎಷ್ಟು ಭಾರವಿದೆಯೆಂಬುದನ್ನು ನೋಡಿಕೊಂಡು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ತೀರ್ಮಾನಿಸುವುದು ಇದೇ ವಾಲ್ವು. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರಗಳು ಜಾರದಂತೆ, ಲೋಡ್ ಇದ್ದಾಗ ಪೂರ್ತಿ ಹಿಡಿಯುವಂತೆ ಅದು ನೋಡಿಕೊಳ್ಳುತ್ತದೆ. ತುಕ್ಕು ಹಿಡಿದು ಜಾಮ್ ಆದ ಇಂಥ ವಾಲ್ವನ್ನು ತಂತಿಯಲ್ಲಿ ಕಟ್ಟಿಟ್ಟಿರುವುದು, ಪೂರ್ತಿ ಕಿತ್ತು ನೇರವಾಗಿ ಪೈಪು ಜೋಡಿಸಿರುವುದು ಹಳೆಯ ಗಾಡಿಗಳಲ್ಲಿ ಮಾಮೂಲು. ಮಳೆಯಲ್ಲಿ ಖಾಲಿ ಪಿಕಪ್ ಬ್ರೇಕ್ ಹೊಡೆದು ಗಿರ‍್ರನೆ ತಿರುಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಮೊದಲಿದ್ದಂತೆಯೇ ಕೂರಿಸಲು ಹೇಳಿ. ಬೂಸ್ಟರ್ ಪರೀಕ್ಷೆಯನ್ನು ನೀವೇ ಮಾಡಬಹುದು: ಎಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಒಂದೇ ಒತ್ತಡದಲ್ಲಿ ಹಿಡಿದಿದ್ದರೂ ಮೆಲ್ಲಮೆಲ್ಲನೆ ನೆಲದತ್ತ ಜಾರುತ್ತಲೇ ಇದ್ದರೆ ಎಲ್ಲಾದರೂ ಸೋರಿಕೆ ಇರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೊಳಗೇ ಬಿಡುತ್ತಿದೆ.

ಚಕ್ರ ಕಳಚಿದಾಗಲೇ ವೀಲ್ ಬೇರಿಂಗುಗಳನ್ನೂ ನೋಡಿಸಿ. ಹಳೆಯ ಗ್ರೀಸ್ ಒರೆಸಿ ಹೊಸದು ತುಂಬುವ ಬಗೆಯ ಬೇರಿಂಗಾದರೆ ತುಂಬಿಸಿ. ಚಕ್ರವನ್ನು ಜಾಕಿಯಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್, ಎಡ ಬಲ ಹಿಡಿದಾಗ ಸಿಕ್ಕರೆ ಸಾಮಾನ್ಯವಾಗಿ ಟೈ ರಾಡ್ ತುದಿ. ಟಯರಿನ ಪಕ್ಕದಲ್ಲಿ 'ಡಾಟ್' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಆಳವಾಗಿಯೇ ಇದ್ದರೂ ಬಿಸಿಲಲ್ಲಿ ನಿಂತು ಪಕ್ಕದಲ್ಲಿ ಸೀಳು ಬಿಟ್ಟ ರಬ್ಬರು ಭಾರ ತಡೆಯುವುದಿಲ್ಲ. ಟ್ರೆಡ್ಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಆ ಟಯರ್ ಓಡುವಂತಿಲ್ಲ. ಸವೆದ ರೀತಿಯಲ್ಲೂ ಹಳೆಯ ಕಥೆ ಇದೆ. ನಡು ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಲೋಡ್ ಹೆಚ್ಚು, ಒಂದೇ ಅಂಚು ತಿಂದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ರೀಟ್ರೆಡ್ ಮಾಡಿಸಿದ ಟಯರನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ. ಸ್ಟೆಪ್ನಿಯನ್ನೂ ಕೆಳಗಿಳಿಸಿ ನೋಡಿ. ಅದನ್ನು ಹಿಡಿದಿರುವ ಸರಪಳಿ ತುಕ್ಕು ತಿಂದು ಹೆದ್ದಾರಿಯಲ್ಲಿ ಕಳಚಿ ಬಿದ್ದರೆ ಹಿಂದಿನಿಂದ ಬರುವ ಬೈಕ್ ಸವಾರನ ಗತಿಯೇನು?

ಆಯಿಲುಗಳನ್ನು ಒಂದೇ ದಿನ ಬದಲಾಯಿಸಿಬಿಡುವುದು ಒಳ್ಳೆಯದು: ಎಂಜಿನ್, ಗೇರ್ ಬಾಕ್ಸ್, ಹೌಸಿಂಗ್ ಮೂರೂ. ಜೊತೆಗೆ ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಮಾರುವ ಮುಂಚೆ ಎಂಜಿನ್ ಸದ್ದು ಅಡಗಿಸಲು ಮತ್ತು ಹೊಗೆ ಮರೆಮಾಚಲು ದಪ್ಪನೆಯ ಆಯಿಲ್ ಹಾಕುವ ಚಾಳಿ ಇದೆ. ಪುಸ್ತಕ ಹೇಳಿದ ದರ್ಜೆಯ ಆಯಿಲ್ ಹಾಕಿಸಿದ ಮೇಲೆ ಕೇಳಿಸುವುದೇ ಎಂಜಿನ್ನಿನ ನಿಜವಾದ ದನಿ. ಗೇರ್ ಬಾಕ್ಸಿನ ವಿಷಯದಲ್ಲಿ ಒಳ್ಳೆಯ ಮೆಕ್ಯಾನಿಕ್ಕುಗಳು ಪಾಲಿಸುವ ಒಂದು ಕ್ರಮ ಎಲ್ಲರಿಗೂ ತಿಳಿದಿರಲಿ: ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸುವ ಮೊದಲು ಮೇಲಿನ ತುಂಬುವ ಬೋಲ್ಟ್ ಬಿಚ್ಚಿಕೊಳ್ಳುತ್ತದೆಯೇ ನೋಡಬೇಕು. ಇಳಿಸಿಯಾದ ಮೇಲೆ ಮೇಲಿನದು ಕಚ್ಚಿಕೊಂಡಿದೆಯೆಂದು ಗೊತ್ತಾದರೆ ಗಾಡಿ ಅಲ್ಲೇ ಉಳಿಯುತ್ತದೆ. ಇಳಿದ ಆಯಿಲನ್ನು ಚರಂಡಿಗೆ ಸುರಿಯದೆ ತಟ್ಟೆಯಲ್ಲಿ ಹಿಡಿದು ಬೆರಳಾಡಿಸಿ. ಸಣ್ಣ ಬೂದುಬಣ್ಣದ ಪುಡಿ ಸಹಜ. ಹೊಳೆಯುವ ಚೂರುಗಳು ಬಂದರೆ ಒಳಗೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ, ಬಹುಶಃ ಹೆಡ್ ಗ್ಯಾಸ್ಕೆಟ್ ಹೋಗಿದೆ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಇಳಿಸುವ ತಿರುಪೊಂದು ಇರುತ್ತದೆ. ಅದನ್ನು ಬಿಚ್ಚಿ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಈಗಿನ ಕಾಮನ್ ರೈಲ್ ಪಂಪು ಮತ್ತು ಇಂಜೆಕ್ಟರುಗಳು ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೆಲಸ ಮಾಡುವಂಥವು, ನೀರಿನ ಕೆಲವು ಹನಿಗಳೂ ಅವನ್ನು ಹಾಳುಮಾಡುತ್ತವೆ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಾಡಿಯಾದರೆ ರೇಡಿಯೇಟರಿನ ಮೇಲೆ ಹೆಚ್ಚು ಗಮನ ಬೇಕು. ಕೂಲೆಂಟ್ ದುಬಾರಿಯೆಂದು ಆಳದ ಬೋರ್‌ವೆಲ್ಲಿನ ಗಡಸು ನೀರು ತುಂಬುತ್ತ ಬಂದಿದ್ದರೆ ಕೊಳವೆಗಳೊಳಗೆ ಸುಣ್ಣದ ಪದರ ಕಟ್ಟಿ ಕಾವು ಹೊರಹೋಗುವುದೇ ಇಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆದು ನೋಡಿ. ತುಕ್ಕಿನ ಕೆಂಪು ನೀರು ಕಂಡರೆ ರೇಡಿಯೇಟರ್ ಇಳಿಸಿ ಸ್ವಚ್ಛ ಮಾಡಿಸಿ, ಹೋಸ್ ಪೈಪು ಮತ್ತು ಕ್ಲಿಪ್ಪುಗಳನ್ನು ಬದಲಾಯಿಸಿ, ಕೂಲೆಂಟನ್ನು ಶುದ್ಧೀಕರಿಸಿದ ನೀರಿನೊಡನೆ ಹೇಳಿದ ಅಳತೆಗೆ ಬೆರೆಸಿ ತುಂಬಿಸಿ. ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿದಾಗ ಗುಳ್ಳೆಗಳು ಒಂದೇ ಸಮನೆ ಬರುತ್ತಲೇ ಇದ್ದರೆ ಉರಿದ ಗಾಳಿ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿದೆ. ಬಿಸಿಯಾಗುವ ಗಾಡಿಗೆ ನಮ್ಮ ಗ್ಯಾರೇಜುಗಳಲ್ಲಿ ಒಂದು ಸುಲಭದ ಮದ್ದಿದೆ, ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವುದು. ಅಸಲು ರೋಗ ಹಾಗೇ ಉಳಿಯುತ್ತದೆ. ಎಂಜಿನ್ ಬೇಕಾದ ಕಾವಿಗೆ ಏರಲು ತಡವಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ. ವಾಲ್ವ್ ಇದೆಯೇ ಎಂದು ಬಿಚ್ಚಿಸಿ ನೋಡಿ, ಇಲ್ಲದಿದ್ದರೆ ಹಾಕಿಸಿ. ಹೆಚ್ಚಿನ ಬೆಲೆಯದೇನಲ್ಲ.

ಹೊಗೆಯನ್ನು ಓದಲು ಬೆಳಗಿನ ಮೊದಲ ಸ್ಟಾರ್ಟೇ ಸರಿಯಾದ ಹೊತ್ತು. ಕ್ಷಣಹೊತ್ತು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಏರಿನಲ್ಲಿ ಕಪ್ಪು ಹೊಗೆ ಉಗುಳಿದರೆ ಗಾಳಿ ಸಾಲುತ್ತಿಲ್ಲ ಅಥವಾ ಇಂಜೆಕ್ಟರ್ ಸರಿಯಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ಸಡಿಲಿಸಿ ನೋಡಿದರೆ ಸಣ್ಣ ಆವಿ ಇರಬಹುದು. ಹೊಗೆ ದಬದಬನೆ ಹೊರಬಂದರೆ ಪಿಸ್ಟನ್ ರಿಂಗ್ ಸವೆದಿದೆ, ಬೋರ್ ಕೆಲಸ ದೂರವಿಲ್ಲ.

ಕ್ಲಚ್ಚನ್ನು ಪರೀಕ್ಷಿಸಲು ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೇಲಿನ ಗೇರಿಗೆ ಹಾಕಿ ಮೆಲ್ಲನೆ ಕ್ಲಚ್ ಬಿಡಿ. ಎಂಜಿನ್ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳನ್ನು ಕೈಯಲ್ಲಿ ತಿರುಗಿಸಿ ಆಟ ನೋಡಿ, ಗ್ರೀಸ್ ನಿಪ್ಪಲ್ ಇರುವಲ್ಲೆಲ್ಲ ಗ್ರೀಸ್ ಹೊಡೆಸಿ. ನಿಂತಲ್ಲಿಂದ ಹೊರಡುವಾಗ 'ಟಕ್' ಎನ್ನುವ ಸದ್ದು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ವೈರಿಂಗಿನಲ್ಲಿ ಹಳೆಯ ಮಾಲೀಕರು ಹಾಕಿಸಿದ ಹೆಚ್ಚುವರಿ ಲೈಟು, ಹಾರ್ನು, ಟೇಪು ಸುತ್ತಿದ ಗಂಟುಗಳನ್ನೆಲ್ಲ ತೆಗೆಸಿ. ಬೆಂಕಿ ಹತ್ತುವುದು ಅಲ್ಲಿಂದ. ಹಿಂದಿನ ಲೈಟುಗಳು ಮತ್ತು ಪ್ರತಿಫಲಿಸುವ ಪಟ್ಟಿ ಸರಿಯಿರಲಿ. ರಾತ್ರಿ ರಸ್ತೆಬದಿಯಲ್ಲಿ ನಿಂತ ಲೋಡ್ ಗಾಡಿಗೆ ಹಿಂದಿನಿಂದ ಗುದ್ದುವ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ!

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾದದ್ದು ಬಿಎಸ್ 6 ಗಾಡಿಗಳು. ಇವುಗಳ ಡೀಸೆಲ್ ಮಾದರಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಊರೊಳಗೆ ಬರಿಯ ಸಣ್ಣ ಸಣ್ಣ ಓಟವೇ ಆದರೆ ಮಸಿ ಉರಿದುಹೋಗಲು ಬೇಕಾದ ಕಾವು ಸಿಗದೆ ಅದು ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಕೀಲಿ ತಿರುಗಿಸಿದಾಗ ಒಮ್ಮೆ ಹತ್ತಿ ಆರಬೇಕು. ಹತ್ತದೆಯೇ ಇದ್ದರೆ ಬಲ್ಬನ್ನೋ ಸಾಫ್ಟ್‌ವೇರನ್ನೋ ಕೆಡಿಸಿಟ್ಟಿರಬಹುದು. ಫಿಲ್ಟರಿನ ಒಳಗನ್ನು ಖಾಲಿ ಮಾಡಿಸಿದ ಗಾಡಿಗಳೂ ಮಾರುಕಟ್ಟೆಯಲ್ಲಿವೆ. ಸ್ಕ್ಯಾನರ್ ಇರುವ ಕಡೆ ಒಮ್ಮೆ ತೋರಿಸಿ, ಅಲ್ಲಿ ಉಳಿದಿರುವ ದೋಷಗಳ ಪಟ್ಟಿಯನ್ನು ಅಳಿಸುವ ಮುಂಚೆ ಬರೆದುಕೊಳ್ಳಿ. ಇಂಥ ಗಾಡಿಗೆ ಬೂದಿ ಕಡಿಮೆ ಬಿಡುವ ದರ್ಜೆಯ ಎಂಜಿನ್ ಆಯಿಲೇ ಬೇಕು, ಹಳೆಯ ಗಾಡಿಗೆ ಹಾಕುತ್ತಿದ್ದುದು ನಡೆಯುವುದಿಲ್ಲ.

ಗ್ಯಾರೇಜಿನಲ್ಲಿ ಈ ಕೆಲಸ ನಡೆಯುತ್ತಿರುವಾಗ ಕಾಗದಪತ್ರಗಳನ್ನು ನೋಡಿಕೊಳ್ಳಿ, ಅದೂ ತಪಾಸಣೆಯ ಭಾಗವೇ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಕೊಂಡವರು 30 ದಿನದೊಳಗೆ ಮಾಲೀಕತ್ವ ವರ್ಗಾವಣೆಯ ವಿಷಯ ತಿಳಿಸಬೇಕು. ಫಾರಂ 29 ಮತ್ತು 30 ಇದಕ್ಕಾಗಿಯೇ ಇವೆ. ಫೈನಾನ್ಸ್ ಬಾಕಿ ತೀರಿದ್ದರೂ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಉಳಿದಿದ್ದರೆ ಫಾರಂ 35 ಬೇಕು. ವಿಮೆಯನ್ನು ಹೆಸರಿಗೆ ಬದಲಾಯಿಸಿಕೊಳ್ಳಲು ಕಾಯ್ದೆ ಕೊಡುವ ಗಡುವು 14 ದಿನ. ಹೆಸರು ಬದಲಾಗದ ಗಾಡಿಯಿಂದ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಮಾರಿದವರಿಗೂ ಇದು ಅಷ್ಟೇ ಮುಖ್ಯ. ಎಫ್‌ಸಿ ಯಾವಾಗ ಮುಗಿಯುತ್ತದೆ ನೋಡಿ: ಎಂಟು ವರ್ಷದವರೆಗಿನ ಸರಕು ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಹಳೆಯ ದಂಡಗಳ ಬಾಕಿ ಮತ್ತು ಹಳೆಯವರ ಫಾಸ್ಟ್ಯಾಗ್ ಎರಡನ್ನೂ ಮೊದಲ ದಿನವೇ ಇತ್ಯರ್ಥ ಮಾಡಿಕೊಳ್ಳಿ.

ಅದೇ ಆರ್‌ಸಿಯಲ್ಲಿ ಖಾಲಿ ತೂಕ ಮತ್ತು ಲೋಡ್ ಸಹಿತದ ತೂಕ ಎಂದು ಎರಡು ಅಂಕಿಗಳಿರುತ್ತವೆ. ಅವುಗಳ ವ್ಯತ್ಯಾಸವೇ ನಿಮ್ಮ ಗಾಡಿ ಹೊರಬಹುದಾದ ಭಾರ, ಚಾಲಕ ಮತ್ತು ಕ್ಲೀನರ್ ತೂಕವೂ ಅದರಲ್ಲೇ ಬರಬೇಕು. 1,500 ಕಿಲೋ ವ್ಯತ್ಯಾಸವಿದ್ದರೆ ಕೋಲಾರದ 15 ಕಿಲೋ ಟೊಮೆಟೊ ಬಾಕ್ಸಿನ ಲೆಕ್ಕದಲ್ಲಿ ನೂರು ಬಾಕ್ಸು, ಇಬ್ಬರು ಕೂತರೆ ಎಂಟೊಂಬತ್ತು ಕಡಿಮೆ. ಮಂಡಿಯಲ್ಲಿ "ಇನ್ನಿಪ್ಪತ್ತು ಹಾಕ್ಕೋ" ಎನ್ನುವವರಿಗೆ ಇಲ್ಲ ಎನ್ನುವುದು ಕಷ್ಟ, ಬಾಡಿಗೆಯ ಪೈಪೋಟಿ ನನಗೂ ಗೊತ್ತು. ಆದರೆ ಮಿತಿ ಮೀರಿದ ಲೋಡಿಗೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಆ ಇಪ್ಪತ್ತು ಬಾಕ್ಸು ತರುವ ಬಾಡಿಗೆಯೊಡನೆ ಇದನ್ನು ತೂಗಿ ನೋಡಿ.

ಕೆಲಸವೆಲ್ಲ ಮುಗಿದ ಮೇಲಿನ ಮೊದಲ ಬಾಡಿಗೆಯನ್ನು ಹತ್ತಿರದ ಊರಿಗೆ, ಅರ್ಧ ಲೋಡಿನಲ್ಲಿ ಮಾಡಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟುವುದು ಬೇಡ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಅಥವಾ ಬೇರಿಂಗ್ ಬಿಗಿಯಾಗಿದೆ. ಕಳಚಿ ಹಾಕಿದ ವೀಲ್ ನಟ್ಟುಗಳನ್ನು ಐವತ್ತರಿಂದ ನೂರು ಕಿಲೋಮೀಟರಿನೊಳಗೆ ಮತ್ತೆ ಬಿಗಿ ಮಾಡಿಸಿ, ಸ್ಪ್ರಿಂಗ್ ಬಿಚ್ಚಿದ್ದರೆ ಯು ಬೋಲ್ಟುಗಳನ್ನೂ. ರಾತ್ರಿ ನಿಲ್ಲಿಸುವ ಜಾಗದಲ್ಲಿ ಹಳೆಯ ರಟ್ಟು ಹಾಸಿದರೆ ಯಾವ ಸೀಲು ಜಿನುಗುತ್ತಿದೆಯೆಂದು ಬೆಳಿಗ್ಗೆ ಗೊತ್ತಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟು ಯಾವ ತಾರೀಕು, ಮೀಟರಿನಲ್ಲಿ ಎಷ್ಟು, ಏನು ಬದಲಾಯಿಸಿದ್ದು ಎಂದು ಬರೆಯುತ್ತ ಹೋಗಿ, ಬಿಲ್ಲುಗಳನ್ನು ಅದರಲ್ಲೇ ಸಿಕ್ಕಿಸಿ. ಸಾವಿರ ಕಿಲೋಮೀಟರ್ ಆದಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಆಯಿಲ್ ಕಡ್ಡಿ ಎಳೆದು ನೋಡಿ, ಕೂಲೆಂಟ್ ಡಬ್ಬಿಯ ಗೆರೆ ನೋಡಿ. ಎರಡರಲ್ಲಿ ಯಾವುದು ಇಳಿದಿದ್ದರೂ ದೂರದ ಬಾಡಿಗೆ ಒಪ್ಪಿಕೊಳ್ಳುವ ಮುಂಚೆ ಕಾರಣ ಹುಡುಕಿಸಿ. ಗಾಡಿ ಬೇಸಿಗೆಯಲ್ಲಿ ಕೊಂಡದ್ದಾದರೆ ಜೂನ್ ಮೊದಲ ವಾರಕ್ಕೆ ಮುಂಚೆ ವೈಪರ್ ರಬ್ಬರು, ಬಾಗಿಲಿನ ಬೀಡಿಂಗು, ಹಿಂದಿನ ಡ್ರಮ್ಮು ಇಷ್ಟನ್ನು ಇನ್ನೊಮ್ಮೆ ತೋರಿಸಿ.